ಬಿದ್ದ ಗಳಿಗೆಯ ನಾಡಿ: ಸೈನಸ್ ನೋಡ್ ದೌರ್ಬಲ್ಯ ಮತ್ತು ಪೇಸ್‌ಮೇಕರ್

ಅಧ್ಯಕ್ಷರೇ, ವೃತ್ತಿಬಾಂಧವರೇ, ವಿದ್ಯಾರ್ಥಿಗಳೇ, ಮನೆಯ ಹಿರಿಯರನ್ನು ಜೊತೆಯಲ್ಲಿ ಕರೆದುಕೊಂಡು ಬಂದಿರುವ ಎಲ್ಲರೇ,

ಇಂದಿನ ವಿಷಯವನ್ನು ನಾನೇ ಕೇಳಿ ಪಡೆದಿದ್ದೇನೆ. ಹೃದಯಾಘಾತದ ಬಗ್ಗೆ ಮಾತನಾಡುವವರು ಬಹಳ ಮಂದಿ ಇದ್ದಾರೆ, ಇರಲೂಬೇಕು. ರಕ್ತನಾಳ ಕಟ್ಟಿಕೊಂಡರೆ ಎದೆ ನೋಯುತ್ತದೆ, ಮನೆಯವರು ಗಾಬರಿಯಾಗುತ್ತಾರೆ, ಆಸ್ಪತ್ರೆಗೆ ಓಡುತ್ತಾರೆ. ಆದರೆ ಬಡಿತವನ್ನು ಹುಟ್ಟಿಸುವ ಗಂಟೇ ವರ್ಷಗಟ್ಟಲೆ ಸದ್ದಿಲ್ಲದೆ ಸೋಲುತ್ತ ಬಂದಾಗ ಎಲ್ಲಿಯೂ ನೋವಿರುವುದಿಲ್ಲ. ಆ ವ್ಯಕ್ತಿ ಮೆಟ್ಟಿಲು ಹತ್ತುವಾಗ ನಡುವೆ ನಿಂತುಕೊಳ್ಳುತ್ತಾರೆ, ಮಾತಿನ ಮಧ್ಯೆ ಒಂದು ಕ್ಷಣ ಎಲ್ಲೋ ಕಳೆದುಹೋಗುತ್ತಾರೆ, ಎಂದೋ ಒಮ್ಮೆ ಕುಸಿದು ಬೀಳುತ್ತಾರೆ, ಅರ್ಧ ನಿಮಿಷದಲ್ಲಿ ತಾವೇ ಎದ್ದು ಕೂತು ಏನೂ ಆಗಿಲ್ಲ ಎನ್ನುತ್ತಾರೆ. ಸುತ್ತಲಿನವರು "ವಯಸ್ಸಾಯಿತಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಮಾತನ್ನು ವೈದ್ಯನಾಗಿ ನಾನೂ ಆಡಿದ್ದೇನೆ, ಅದರ ಫಲವನ್ನು ಅನುಭವಿಸಿದವರು ನನ್ನ ರೋಗಿ. ಅವರ ಕಥೆಗೆ ಆಮೇಲೆ ಬರುತ್ತೇನೆ.

ಗಂಟಿನ ಪರಿಚಯ ಇಲ್ಲಿರುವ ಬಹುಪಾಲು ಜನಕ್ಕೆ ಇದೆ. ಬಲ ಹೃತ್ಕರ್ಣದ, ಅಂದರೆ ಹೃದಯದ ಬಲ ಮೇಲ್ಕೋಣೆಯ, ಮೇಲ್ಭಾಗದಲ್ಲಿ, ತಲೆ ಮತ್ತು ತೋಳುಗಳ ರಕ್ತವನ್ನು ಹೊತ್ತು ತರುವ ದೊಡ್ಡ ಅಭಿಧಮನಿ ಬಂದು ಸೇರುವ ಕಡೆ, ಒಂದೆರಡು ಸೆಂಟಿಮೀಟರ್ ಉದ್ದದ ಅರ್ಧಚಂದ್ರಾಕಾರದ ಅಂಗಾಂಶವಿದೆ. ಅದೇ ಸೈನಸ್ ನೋಡ್. ಅದನ್ನು ಮೊದಲು ಕಂಡದ್ದು 1906ರ ಬೇಸಿಗೆಯಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯ ವಿದ್ಯಾರ್ಥಿ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹಳ್ಳಿಮನೆಯಲ್ಲಿ ಆತ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದದ್ದು ಮೋಲ್ ಎಂಬ ನೆಲ ತೋಡುವ ಪುಟ್ಟ ಪ್ರಾಣಿಯ ಹೃದಯವನ್ನು. ಅವನ ಗುರು ಆರ್ಥರ್ ಕೀತ್ ಪತ್ನಿಯೊಡನೆ ಸೈಕಲ್ ಸವಾರಿಗೆ ಹೋಗಿದ್ದರು. ಅವರು ಮರಳುವ ಹೊತ್ತಿಗೆ ಶಿಷ್ಯ ಹೃದಯದ ಬಡಿತದ ಮೂಲಸ್ಥಾನವನ್ನು ಹಿಡಿದಿಟ್ಟುಕೊಂಡು ಕಾಯುತ್ತಿದ್ದ. 1907ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗಾಗಿ ಇದನ್ನು ಹೇಳಿದೆ. ನೋಡುವುದನ್ನು ಬಿಡದವನಿಗೆ ಕಾಣುತ್ತದೆ.

ಈ ಗಂಟಿನ ಕೋಶಗಳಿಗೆ ಯಾರ ಅಪ್ಪಣೆಯೂ ಬೇಡ. ಪ್ರತಿ ಬಡಿತದ ನಂತರ ಅವು ತಾವಾಗಿಯೇ ಮತ್ತೆ ವಿದ್ಯುತ್ ತುಂಬಿಕೊಳ್ಳುತ್ತವೆ. 1979ರಲ್ಲಿ ವಿಜ್ಞಾನಿಗಳು ಗುರುತಿಸಿದ ಒಂದು ಅಯಾನು (ವಿದ್ಯುದಾವೇಶವಿರುವ ಕಣ) ಪ್ರವಾಹಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಬೇರೆ ಪ್ರವಾಹಗಳಿಗೆ ತದ್ವಿರುದ್ಧವಾಗಿ ಅದು ನಡೆದುಕೊಂಡದ್ದನ್ನು ಕಂಡು ಬೆರಗಾದವರು ಅದಕ್ಕೆ ಫನಿ ಕರೆಂಟ್, ಅಂದರೆ ವಿಚಿತ್ರ ಪ್ರವಾಹ, ಎಂದೇ ಹೆಸರಿಟ್ಟರು. ನಿಮಿಷಕ್ಕೆ 70ರ ಲೆಕ್ಕದಲ್ಲಿ ದಿನವೊಂದಕ್ಕೆ ಲಕ್ಷ ಬಡಿತ ದಾಟುತ್ತದೆ. ನರಗಳ ಹಿಡಿತವನ್ನು ಔಷಧಿಯಿಂದ ಪೂರ್ತಿ ತಪ್ಪಿಸಿ ನೋಡಿದರೆ 20ರ ವಯಸ್ಸಿನ ಹೃದಯ ನಿಮಿಷಕ್ಕೆ ಸುಮಾರು 107 ಬಾರಿ, 70ರ ವಯಸ್ಸಿನ ಹೃದಯ ಸುಮಾರು 78 ಬಾರಿ ಬಡಿಯುತ್ತದೆ. ಅಂದರೆ ಹರೆಯದಲ್ಲಿ ನಾವು ಸದಾ ಲಗಾಮು ಬಿಗಿ ಹಿಡಿದೇ ಓಡುತ್ತಿರುತ್ತೇವೆ. ವಯಸ್ಸಾದಂತೆ ಕುದುರೆಯ ಕಸುವೇ ಇಳಿಯುತ್ತದೆ. ಗಂಟಿನ ಕೋಶಗಳು ಕಡಿಮೆಯಾಗಿ ಆ ಜಾಗದಲ್ಲಿ ನಾರಿನ ಅಂಗಾಂಶ ಬೆಳೆಯುತ್ತದೆ. ಕೆಲವರಲ್ಲಿ ಗಂಟು ಬಡಿತವನ್ನು ಹುಟ್ಟಿಸುವುದೇ ನಿಧಾನವಾಗುತ್ತದೆ, ಕೆಲವರಲ್ಲಿ ಹುಟ್ಟಿದ ಬಡಿತ ಗಂಟಿನಿಂದ ಹೊರಗೆ ಬರುವುದಿಲ್ಲ, ಇನ್ನು ಕೆಲವರಲ್ಲಿ ವಿಶ್ರಾಂತಿಯಲ್ಲಿ ಎಲ್ಲವೂ ಸರಿಯಿದ್ದು ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಬಡಿತ ಏರಬೇಕಾದಷ್ಟು ಏರುವುದಿಲ್ಲ. ಈ ಮೂರನೆಯ ಗುಂಪಿನವರಿಗೆ ಮಲಗಿಸಿ ತೆಗೆದ ಇಸಿಜಿಯಲ್ಲಿ ದೋಷವೇ ಕಾಣದು. ಅವರು "ಸುಸ್ತು" ಎನ್ನುತ್ತಾರೆ, ನಾವು ಟಾನಿಕ್ ಬರೆದುಕೊಡುತ್ತೇವೆ.

ಈಗ ನನ್ನ ರೋಗಿಯ ಕಥೆ. ಅವರು ನಿವೃತ್ತ ಶಿಕ್ಷಕಿ, 71 ವರ್ಷ. ಎರಡು ಸಲ ಬಿದ್ದಿದ್ದರು. ಇಸಿಜಿ ತೆಗೆಸಿದೆ, ನಿಮಿಷಕ್ಕೆ 58, ಸಹಜವಾದ ಸೈನಸ್ ಲಯ, ಅಂದರೆ ಗಂಟಿನಿಂದಲೇ ಹುಟ್ಟಿದ ಬಡಿತ. ಬಡಿತವನ್ನು ಬಿಡದೆ ದಾಖಲಿಸುವ 24 ಗಂಟೆಯ ಹೋಲ್ಟರ್ ಯಂತ್ರ ಕಟ್ಟಿಸಿದೆ. ಆ 24 ಗಂಟೆಯಲ್ಲಿ ಅವರಿಗೆ ತಲೆಯೂ ಸುತ್ತಲಿಲ್ಲ, ವರದಿಯಲ್ಲೂ ಏನೂ ಬರಲಿಲ್ಲ. ನಾನು ನಿರಾಳವಾಗಿ, ವಯಸ್ಸಿನ ಕಾರಣ, ನಿಧಾನವಾಗಿ ಏಳಿ, ನೀರು ಹೆಚ್ಚು ಕುಡಿಯಿರಿ ಎಂದು ಕಳಿಸಿದೆ. ಅಲ್ಲಿ ನಾನು ಮಾಡಿದ ತಪ್ಪು ಸರಳವಾದದ್ದು: ಬೀಳದ ದಿನದ ನಾಡಿಯನ್ನು ನೋಡಿ, ಬಿದ್ದ ದಿನದ ಬಗ್ಗೆ ತೀರ್ಪು ಕೊಟ್ಟೆ. ಒಂದು ವರ್ಷದ ನಂತರ ಅವರು ಮತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆ ಸಲ ಪಕ್ಕದಲ್ಲಿದ್ದವಳು ಮೊಮ್ಮಗಳು, ಹೈಸ್ಕೂಲಿನ ಹುಡುಗಿ. ಅಜ್ಜಿ ಎದೆ ಡವಡವ ಎನ್ನುತ್ತಿದೆ ಎಂದಾಗಲೇ ಅವಳು ಮಣಿಕಟ್ಟು ಹಿಡಿದಿದ್ದಳು. ತನ್ನ ನೋಟ್‌ಬುಕ್ಕಿನ ಹಾಳೆಯಲ್ಲಿ ಅವಳು ಬರೆದು ತಂದದ್ದು ಇಷ್ಟು: "ಬಹಳ ಜೋರಾಗಿ, ತಾಳವಿಲ್ಲದೆ ಹೊಡೆಯುತ್ತಿತ್ತು. ಆಮೇಲೆ ನಿಂತುಹೋಯಿತು. ಅಜ್ಜಿ ಬಿದ್ದರು. ಆಮೇಲೆ ನಿಧಾನವಾಗಿ ಶುರುವಾಯಿತು."

ಆ ನಾಲ್ಕು ವಾಕ್ಯಗಳಲ್ಲಿ ರೋಗನಿರ್ಣಯ ಪೂರ್ತಿಯಾಗಿತ್ತು. ವೇಗದ ಬಡಿತವೂ ನಿಧಾನದ ಬಡಿತವೂ ಒಂದೇ ಹೃದಯದಲ್ಲಿ ಸರದಿಯಂತೆ ಬರುವ ಸ್ಥಿತಿ ಇದು. ಹೃತ್ಕರ್ಣ ಕಂಪಿಸುತ್ತಿರುವಷ್ಟು ಹೊತ್ತೂ ಸೈನಸ್ ಗಂಟಿನ ಧ್ವನಿ ಅಡಗಿರುತ್ತದೆ. ಕಂಪನ ತಟ್ಟನೆ ನಿಂತಾಗ ಗಂಟು ಎಚ್ಚೆತ್ತು ಕೆಲಸ ಹಿಡಿಯಬೇಕು, ದುರ್ಬಲ ಗಂಟಿಗೆ ಅದು ಕೂಡಲೇ ಆಗುವುದಿಲ್ಲ. ಚರ್ಮದಡಿ ಇದ್ದು ತಿಂಗಳುಗಟ್ಟಲೆ ಬಡಿತವನ್ನು ಗಮನಿಸುವ ಪುಟ್ಟ ಲೂಪ್ ರೆಕಾರ್ಡರ್ ಅಳವಡಿಸಿದೆವು. ಏಳನೆಯ ವಾರದಲ್ಲಿ ಆರು ಸೆಕೆಂಡಿನ ನಿಲುಗಡೆ ಅದರಲ್ಲಿ ಸಿಕ್ಕಿತು, ಅದೇ ನಿಮಿಷದಲ್ಲಿ ಕಣ್ಣಿಗೆ ಕತ್ತಲೆ ಬಂದುದನ್ನು ಮೊಮ್ಮಗಳು ಗಡಿಯಾರ ನೋಡಿ ಬರೆದಿಟ್ಟಿದ್ದಳು. ಪೇಸ್‌ಮೇಕರ್ ಇಟ್ಟೆವು. ಅದು ಇದ್ದುದರಿಂದಲೇ ವೇಗದ ಬಡಿತವನ್ನು ತಗ್ಗಿಸುವ ಮಾತ್ರೆಯನ್ನು ಧೈರ್ಯವಾಗಿ ಕೊಡಲು ಸಾಧ್ಯವಾಯಿತು. ಪಾರ್ಶ್ವವಾಯುವಿನ ಅಪಾಯಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಬೇರೆಯಾಗಿ ಸೇರಿಸಿದೆವು, ಏಕೆಂದರೆ ಆ ಕೆಲಸವನ್ನು ಪೇಸ್‌ಮೇಕರ್ ಮಾಡುವುದಿಲ್ಲ.

ನಮ್ಮ ಭಾಷೆಯ ಒಂದು ತೊಡಕನ್ನೂ ಇಲ್ಲೇ ಹೇಳಬೇಕು. ಮೂರ್ಛೆ ಎಂಬ ಒಂದೇ ಮಾತು ನಮ್ಮಲ್ಲಿ ಪ್ರಜ್ಞೆ ತಪ್ಪುವುದಕ್ಕೂ ಅಪಸ್ಮಾರಕ್ಕೂ ನಡೆಯುತ್ತದೆ. ಬಡಿತ ಹಲವು ಸೆಕೆಂಡು ನಿಂತು ಮೆದುಳಿಗೆ ರಕ್ತ ಹೋಗದಿದ್ದರೆ ಕೈಕಾಲು ಸ್ವಲ್ಪ ಹೊತ್ತು ಅದುರುವುದುಂಟು. ನೋಡಿದವರು ಮೂರ್ಛೆ ಬಂತು ಎನ್ನುತ್ತಾರೆ, ಕೇಳಿಸಿಕೊಂಡವರು ಮೂರ್ಛೆರೋಗ ಎಂದು ಬರೆದುಕೊಳ್ಳುತ್ತಾರೆ, ವರ್ಷಗಟ್ಟಲೆ ಅಪಸ್ಮಾರದ ಮಾತ್ರೆ ನಡೆಯುತ್ತದೆ. ಆದುದರಿಂದ ಕುಟುಂಬ ವೈದ್ಯರಲ್ಲಿ ನನ್ನ ಬೇಡಿಕೆ: ಆ ಪದವನ್ನು ಕೇಳಿದ ಕೂಡಲೇ ಬರೆದುಕೊಳ್ಳಬೇಡಿ. ಮುಖ ಬಿಳಿಚಿಕೊಂಡಿತ್ತೇ, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎದ್ದಮೇಲೆ ತಬ್ಬಿಬ್ಬಾಗಿದ್ದರೇ ಅಥವಾ ನೆಟ್ಟಗೆ ಮಾತನಾಡಿದರೇ, ನಾಡಿಯನ್ನು ಯಾರಾದರೂ ಹಿಡಿದು ನೋಡಿದರೇ ಎಂದು ಜೊತೆಗೆ ಬಂದವರನ್ನು ಕೇಳಿ.

ಜೊತೆಗಿದ್ದವರ ಮಾತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಪೇಸ್‌ಮೇಕರಿನ ಹುಟ್ಟೇ ಸಾಕ್ಷಿ. ಈ ಕಥೆಯನ್ನು ನನ್ನಿಂದ ಹಿಂದೆ ಕೇಳಿರುವವರು ಮತ್ತೊಮ್ಮೆ ಸಹಿಸಿಕೊಳ್ಳಬೇಕು, ಇದನ್ನು ಬಿಟ್ಟು ಈ ವಿಷಯ ಮಾತನಾಡಲು ನನಗೆ ಮನಸ್ಸು ಬರುವುದಿಲ್ಲ. ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ವ್ಯಕ್ತಿ ದಿನಕ್ಕೆ 20–30 ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಅವರ ಪತ್ನಿ ಎಲ್ಸೆ-ಮರೀ ಪ್ರತಿಸಲವೂ ಪಕ್ಕದಲ್ಲಿದ್ದು ನೋಡಿದವರು. ಹೃದಯವನ್ನು ವಿದ್ಯುತ್ತಿನಿಂದ ಬಡಿಸುವ ಯಂತ್ರದ ಪ್ರಯೋಗಗಳು ನಡೆಯುತ್ತಿವೆ ಎಂದು ತಿಳಿದದ್ದೇ ತಡ, ಆಕೆ ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಹತ್ತಿದರು. ಮನುಷ್ಯರಲ್ಲಿ ಇಡಬಲ್ಲಂಥ ಯಂತ್ರ ಇನ್ನೂ ಸಿದ್ಧವಾಗಿಲ್ಲ ಎಂದು ಅವರು ಹೇಳಿದರೆ, ಹಾಗಾದರೆ ಸಿದ್ಧ ಮಾಡಿ ಎಂಬುದು ಆಕೆಯ ಪಟ್ಟು. ಎಲ್ಮ್‌ಕ್ವಿಸ್ಟ್ ಎರಡು ಟ್ರಾನ್ಸಿಸ್ಟರುಗಳ ಮಂಡಲವನ್ನು ಕಟ್ಟಿ, ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿ ಮಾಡಿಕೊಂಡು ಎಪಾಕ್ಸಿ ರಾಳ ಎರೆದರು. 1958ರ ಅಕ್ಟೋಬರ್ 8ರಂದು ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಸೆನ್ನಿಂಗ್ ಅದನ್ನು ಲಾರ್ಸನ್ ಅವರ ದೇಹದೊಳಗೆ ಇಟ್ಟರು. ಆ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿ ಕೆಟ್ಟಿತು. ಎರಡನೆಯದನ್ನು ಇಟ್ಟರು. ಮುಂದಿನ ವರ್ಷಗಳಲ್ಲಿ ಲಾರ್ಸನ್ ಅವರಿಗೆ 20ಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಬೇಕಾಯಿತು. ಎಲ್ಮ್‌ಕ್ವಿಸ್ಟ್ 1996ರಲ್ಲಿ, ಸೆನ್ನಿಂಗ್ 2000ದಲ್ಲಿ ತೀರಿಕೊಂಡರು. ಅವರಿಬ್ಬರ ನಂತರವೂ ಬದುಕಿದ್ದ ಲಾರ್ಸನ್ 2001ರಲ್ಲಿ, 86ನೆಯ ವಯಸ್ಸಿನಲ್ಲಿ, ಹೃದಯಕ್ಕೆ ಸಂಬಂಧವಿಲ್ಲದ ಚರ್ಮದ ಕ್ಯಾನ್ಸರಿನಿಂದ ನಿಧನರಾದರು. ದಿನವೂ ಗಂಡ ಬೀಳುವುದನ್ನು ಕಂಡು, ಕಂಡದ್ದನ್ನು ನಂಬಿ, ಇಬ್ಬರು ತಜ್ಞರನ್ನು ಬಿಡದೆ ಕಾಡಿದ ಹೆಂಗಸಿನಿಂದ ಈ ವೈದ್ಯಶಾಖೆ ಆರಂಭವಾಯಿತು.

ಒಂದು ಭೇದವನ್ನು ಮರೆಯಬಾರದು. ಲಾರ್ಸನ್ ಅವರಿಗಿದ್ದದ್ದು ಹೃತ್ಕರ್ಣದಿಂದ ಹೃತ್ಕುಕ್ಷಿಗೆ, ಅಂದರೆ ಕೆಳಗಿನ ಕೋಣೆಗೆ, ಸಂದೇಶವೇ ದಾಟದ ಪೂರ್ಣ ತಡೆ. ಅಂಥವರಲ್ಲಿ ಪೇಸ್‌ಮೇಕರ್ ಪ್ರಾಣ ಉಳಿಸುತ್ತದೆ. ಸೈನಸ್ ಗಂಟಿನ ದೌರ್ಬಲ್ಯದಲ್ಲಿ ಪೇಸ್‌ಮೇಕರ್ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂದು ಯಾವ ಅಧ್ಯಯನವೂ ತೋರಿಸಿಲ್ಲ. ಅದು ಬೀಳುವುದನ್ನು, ತಲೆಸುತ್ತನ್ನು, ಸುಸ್ತನ್ನು ತಪ್ಪಿಸುತ್ತದೆ. ಲಕ್ಷಣಗಳೇ ಇಲ್ಲದವರಿಗೆ ಇಟ್ಟರೆ ತಪ್ಪಿಸಲು ಏನೂ ಉಳಿದಿರುವುದಿಲ್ಲ, ಸೋಂಕಿನ ಮತ್ತು ತಂತಿ ಜರುಗುವ ಅಪಾಯ ಮಾತ್ರ ಉಳಿಯುತ್ತದೆ. 50ಕ್ಕಿಂತ ಕಡಿಮೆ ಬಡಿತ, ಮೂರು ಸೆಕೆಂಡಿಗೂ ಮೀರಿದ ನಿಲುಗಡೆ ಇವೆಲ್ಲ ಅನುಮಾನಕ್ಕೆ ದಾರಿ. ಆದರೆ ಇಷ್ಟಕ್ಕಿಂತ ಕೆಳಗಿಳಿದರೆ ಪೇಸ್‌ಮೇಕರ್ ಇಡಲೇಬೇಕು ಎನ್ನುವ ಅಂಕಿಯೇ ಇಲ್ಲವೆಂದು ಅಮೆರಿಕದ ಹೃದ್ರೋಗ ಸಂಘಟನೆಗಳ 2018ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ದೂರದ ಓಟಗಾರನೊಬ್ಬನನ್ನು, ವಿಶ್ರಾಂತಿಯಲ್ಲಿ ನಾಡಿ 38 ಇದೆಯೆಂಬ ಒಂದೇ ಕಾರಣಕ್ಕೆ, ಪೇಸ್‌ಮೇಕರ್ ಇಡಿಸಲು ನನ್ನ ಬಳಿ ಕಳಿಸಿದ್ದರು. ಟ್ರೆಡ್‌ಮಿಲ್ ಮೇಲೆ ಆತನ ಬಡಿತ ಸರಾಗವಾಗಿ 170 ದಾಟಿತು. ಆತನಿಗೆ ಬೇಕಾಗಿದ್ದದ್ದು ಧೈರ್ಯದ ಮಾತು ಮಾತ್ರ. ಹಾಗಾಗಿ ಮತ್ತೆ ಅದೇ ಪ್ರಶ್ನೆಗೆ ಬರುತ್ತೇನೆ: ತೊಂದರೆ ಆದ ಗಳಿಗೆಯಲ್ಲಿ ನಾಡಿ ಹೇಗಿತ್ತು?

ಪೇಸ್‌ಮೇಕರಿಗೆ ಮುನ್ನ ಔಷಧಿಗಳ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡಿ. ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್, ಲಿಥಿಯಂ, ಇವೆಲ್ಲ ಗಂಟನ್ನು ನಿಧಾನ ಮಾಡುತ್ತವೆ. ಗ್ಲಾಕೋಮಾಕ್ಕೆ ಹಾಕುವ ಟಿಮೋಲಾಲ್ ಕಣ್ಣಿನ ಹನಿಯೂ ರಕ್ತಕ್ಕೆ ಸೇರಿ ಬಡಿತವನ್ನು ಇಳಿಸಬಲ್ಲದು, ಮತ್ತು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಕಣ್ಣಿನ ಹನಿಯ ಹೆಸರನ್ನು ಯಾರೂ ಹೇಳುವುದಿಲ್ಲ. ಥೈರಾಯ್ಡ್ ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಕೆ, ಇವನ್ನೂ ನೋಡಬೇಕು. ಆದರೆ ಯಾವ ಔಷಧಿಯನ್ನೂ ಮನೆಯಲ್ಲಿ ನೀವೇ ನಿಲ್ಲಿಸಬೇಡಿ.

ಸಮಯ ಮುಗಿಯುತ್ತ ಬಂದಿದೆ ಎಂಬ ಚೀಟಿ ನನ್ನ ಕೈಸೇರಿದೆ. ಯಂತ್ರದ ವಿಧಗಳಿಗಾಗಿ ಇಟ್ಟುಕೊಂಡಿದ್ದ ಕಾಲು ಗಂಟೆಯನ್ನು ಲಾರ್ಸನ್ ದಂಪತಿಗೆ ಕೊಟ್ಟುದಕ್ಕೆ ನನಗೆ ಬೇಸರವಿಲ್ಲ, ಮುಖ್ಯವಾದುದನ್ನಷ್ಟೇ ಹೇಳುತ್ತೇನೆ. ಕೊರಳೆಲುಬಿನ ಕೆಳಗೆ ಸ್ಥಳೀಯ ಅರಿವಳಿಕೆ ಕೊಟ್ಟು, ಅಭಿಧಮನಿಯ ಮೂಲಕ ತಂತಿಯನ್ನು ಹೃದಯಕ್ಕೆ ಇಳಿಸಿ, ಯಂತ್ರವನ್ನು ಚರ್ಮದಡಿ ಇಡುತ್ತೇವೆ. ಗಂಟು ಸೋತಿದ್ದು, ಸಂದೇಶ ಹೃತ್ಕುಕ್ಷಿಗೆ ಸಾಗುವ ದಾರಿ ಸರಿಯಿದ್ದರೆ ಹೃತ್ಕರ್ಣವನ್ನೇ ಬಡಿಸಬೇಕು, ಹೃತ್ಕುಕ್ಷಿಯನ್ನು ಅದರ ಪಾಡಿಗೆ ಬಿಡಬೇಕು. 2,010 ರೋಗಿಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಮೋಸ್ಟ್ ಅಧ್ಯಯನದಲ್ಲಿ, ಹೃತ್ಕುಕ್ಷಿಯನ್ನು ಮಾತ್ರ ಬಡಿಸುವ ಯಂತ್ರಕ್ಕಿಂತ ಎರಡೂ ಕೋಣೆಗಳ ಯಂತ್ರದಲ್ಲಿ ಹೃತ್ಕರ್ಣದ ಕಂಪನ ಕಡಿಮೆಯಿತ್ತು, ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಅಗತ್ಯವಿಲ್ಲದೆ ಬಲ ಹೃತ್ಕುಕ್ಷಿಯನ್ನು ಬಡಿಸುತ್ತಲೇ ಇದ್ದರೆ ಹೃದಯ ವೈಫಲ್ಯದ ಅಪಾಯ ಏರುತ್ತದೆ. ತಂತಿಯಿಲ್ಲದ, ಹೃದಯದೊಳಗೇ ಕೂರುವ ಪುಟ್ಟ ಯಂತ್ರಗಳೂ ಬಂದಿವೆ. ಅವುಗಳ ಬಗ್ಗೆ ಇನ್ನೊಮ್ಮೆ ಮಾತನಾಡೋಣ. ಮೊಬೈಲನ್ನು ಯಂತ್ರದಿಂದ 15 ಸೆಂಟಿಮೀಟರ್ ದೂರವಿಡಿ, ಎದೆಯ ಜೇಬಿನಲ್ಲಿ ಬೇಡ. ಎಂಆರ್‌ಐ ಮಾಡಿಸುವ ಮುನ್ನ ಯಂತ್ರದ ಕಾರ್ಡ್ ತೋರಿಸಿ.

ಮನೆಯವರಿಗೆ ಎರಡು ಮಾತು. ಯಾರಾದರೂ ಕುಸಿದರೆ ಮೊದಲು ಉಸಿರಾಟ ನೋಡಿ. ಸರಿಯಾದ ಉಸಿರಿಲ್ಲದಿದ್ದರೆ ನಾಡಿ ಹುಡುಕುತ್ತ ಕೂರದೆ ತುರ್ತು ನೆರವಿಗೆ ಕರೆ ಮಾಡಿ ಎದೆ ಒತ್ತಲು ಆರಂಭಿಸಿ. ಉಸಿರಿದ್ದರೆ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಎಣಿಸಿ, ಗಡಿಯಾರ ನೋಡಿ ಬರೆದಿಡಿ. ಎರಡನೆಯದನ್ನು ಆಡಲು ಎಲ್ಲರೂ ಹಿಂಜರಿಯುತ್ತಾರೆ: ಪೇಸ್‌ಮೇಕರ್ ಇದ್ದವರು ತೀರಿಕೊಂಡಾಗ ದಹನಕ್ಕೆ ಮುನ್ನ ಅದನ್ನು ಹೊರತೆಗೆಸಲೇಬೇಕು, ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ದುಃಖದ ಆ ಹೊತ್ತಿನಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲವಾದ್ದರಿಂದ, ಯಂತ್ರದ ಕಾರ್ಡ್ ಎಲ್ಲಿದೆ ಎಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಲಿ.

ಮೂರನೆಯ ಸಾಲಿನಲ್ಲಿ ಒಬ್ಬ ತಾಯಿ ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾರೆ. ಕೇಳಿ ಅಮ್ಮಾ.