ಮಳೆಗೆ ಜಗ್ಗದ ಟ್ರಾಂ

ನಮಸ್ಕಾರ. ಬೆಂಗಳೂರಿನ ಬೀದಿಯಲ್ಲಿ ಕರೆಂಟ್ ದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ಶಿವನಸಮುದ್ರದ ಕರೆಂಟ್ ಅದು. ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ತಪ್ಪೇನಿಲ್ಲ. ಆದರೆ ಅದಕ್ಕೂ ಹತ್ತು ವರ್ಷ ಮೊದಲು, 1895ರ ಮೇ 7ರಂದೇ, ಪಕ್ಕದ ಮದರಾಸಿನಲ್ಲಿ ಕರೆಂಟ್ ಟ್ರಾಂ ಓಡಿತ್ತು. ಭಾರತದಲ್ಲೇ ಮೊದಲು. ಲಂಡನ್ನಿನಲ್ಲಿ ಆಗಿನ್ನೂ ಹೆಚ್ಚಿನ ಟ್ರಾಂಗಳನ್ನು ಕುದುರೆ ಎಳೆಯುತ್ತಿತ್ತು!

ಅದು ಓಡುತ್ತಿದ್ದ ರೀತಿ ಕೇಳಿ. ತಲೆ ಮೇಲೆ ತಂತಿ ಇಲ್ಲ. ಎರಡು ಹಳಿಗಳ ನಡುವೆ ರಸ್ತೆಯಲ್ಲೇ ಒಂದು ಸಂದು. ಸಂದಿನ ಕೆಳಗೆ ಸಣ್ಣ ಕಾಲುವೆ, ಅದರೊಳಗೆ ಕರೆಂಟ್ ಇರುವ ಕಂಬಿ. ಟ್ರಾಂನ ತಳದಿಂದ ಒಂದು ಪಟ್ಟಿ ಆ ಸಂದಿನೊಳಗೆ ಇಳಿದು, ಕಂಬಿಯನ್ನು ಸವರಿಕೊಂಡೇ ಸಾಗುತ್ತದೆ. ನೋಡಲು ಚೆಂದ, ಊರಿನ ತುಂಬ ತಂತಿಯ ಜಾಲ ಇಲ್ಲ.

ಆದರೆ ಊರು ಯಾವುದು? ಮದರಾಸು. ಅಕ್ಟೋಬರ್ ಬಂತೆಂದರೆ ಹಿಂಗಾರು ಸುರಿಯುವ ಊರು. ನೆಲದೊಳಗಿನ ಕಾಲುವೆಗೆ ಮಳೆ ನೀರು ನುಗ್ಗದೆ ಇರುತ್ತದಾ? ಜೋರು ಮಳೆಗೆ ನಮ್ಮ ಅಂಡರ್‌ಪಾಸ್‌ಗಳ ಗತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಕಾಲುವೆ ಕೈಬಿಟ್ಟು ಮೇಲೆ ತಂತಿ ಎಳೆದರು.

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲೂ ಇದೇ ಕಥೆ. ಕಡಲ ತೀರದ ಪಟ್ಟಣ. 1885ರಲ್ಲಿ ದಂಡೆಯುದ್ದಕ್ಕೂ ಇಂಥದ್ದೇ ಕಾಲುವೆ ಟ್ರಾಂ ಹಾಕಿದರು. ಅಲ್ಲಿ ಉಪ್ಪು ನೀರು, ಮರಳು ಎರಡರ ಕಾಟ. 1899ರಲ್ಲಿ ಅವರೂ ತಂತಿಗೆ ಬದಲಾದರು.

ಎರಡೂ ಊರಿಗೆ ನೀರಿನ ಪೆಟ್ಟು ಬಿತ್ತು, ಎರಡೂ ಒಂದೇ ಮದ್ದು ಹುಡುಕಿಕೊಂಡವು. ಮದರಾಸಿನದು ಚೆನ್ನಾಗಿಯೇ ಬೆಳೆಯಿತು. 1921ರಲ್ಲಿ 24 ಕಿಲೋಮೀಟರ್ ಹಳಿ, 97 ಗಾಡಿ. ಮೌಂಟ್ ರೋಡ್, ಪ್ಯಾರೀಸ್ ಕಾರ್ನರ್, ಪೂನಮಲ್ಲಿ ರಸ್ತೆ, ಎಲ್ಲ ಕಡೆ ಟ್ರಾಂ. ಆಮೇಲೆ ಕಂಪನಿ ದಿವಾಳಿಯಾಯಿತು. 1953ರ ಏಪ್ರಿಲ್ 12ಕ್ಕೆ ಟ್ರಾಂ ನಿಂತೇ ಹೋಯಿತು. ಆಗ ರಾಜಾಜಿ ಮುಖ್ಯಮಂತ್ರಿ.

ಬ್ಲ್ಯಾಕ್‌ಪೂಲ್ ಟ್ರಾಂ ಇವತ್ತಿಗೂ ಓಡುತ್ತಿದೆ. 1962ರಲ್ಲಿ ಸ್ಕಾಟ್ಲೆಂಡಿನ ದೊಡ್ಡ ಊರು ಗ್ಲಾಸ್ಗೊ ಕೂಡ ಟ್ರಾಂ ನಿಲ್ಲಿಸಿತು, ಇವರು ಮಾತ್ರ ಬಿಡಲಿಲ್ಲ. ಪಟ್ಟಣದ ಒಳಗಿನ ಮಾರ್ಗಗಳು ಹೋದವು, ನಿಜ. ದಂಡೆಯ ಮಾರ್ಗ ಉಳಿಯಿತು. 2012ರಲ್ಲಿ ಹೊಸ ಗಾಡಿಗಳೂ ಬಂದವು.

ಯಾಕೆ ಹೀಗೆ? "ಕಾಲ ಬದಲಾಯಿತು, ಬಸ್ ಬಂತು" ಅನ್ನುತ್ತಾರೆ. ಬಸ್ ಬ್ಲ್ಯಾಕ್‌ಪೂಲ್‌ಗೂ ಬಂತಲ್ವಾ? ನನಗೆ ಕಾಣುವ ಕಾರಣ ಬೇರೆ. 1892ರಲ್ಲೇ ಅಲ್ಲಿನ ನಗರಸಭೆ ಟ್ರಾಂ ಅನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಪ್ರವಾಸಿಗರನ್ನೇ ನಂಬಿಕೊಂಡ ಊರದು. ಟ್ರಾಂ ನಷ್ಟ ತೋರಿಸಿದರೂ ಊರಿಗೆ ಅದರಿಂದ ಬರುವ ಲಾಭವನ್ನು ಬೇರೆ ಪುಸ್ತಕದಲ್ಲಿ ಬರೆಯಬಹುದಿತ್ತು. ಮದರಾಸಿನದು ಖಾಸಗಿ ಕಂಪನಿ. ಅದಕ್ಕೆ ಇದ್ದದ್ದು ಒಂದೇ ಪುಸ್ತಕ. ಟಿಕೆಟ್ ದುಡ್ಡು ಸಾಲದಾದರೆ ಬಾಗಿಲು ಹಾಕುವುದು, ಅಷ್ಟೇ.

ಹಾಗಂತ ಸರ್ಕಾರದ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕೋಲ್ಕತ್ತ ಇದೆಯಲ್ಲ. ಅಲ್ಲಿ ಟ್ರಾಂ ಸರ್ಕಾರದ್ದೇ. ಆದರೂ ಒಂದು ಪುಟ್ಟ ಮಾರ್ಗ ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸುತ್ತೇವೆ ಅಂತ 2024ರಲ್ಲಿ ಹೇಳಿಬಿಟ್ಟರು. ಟ್ರಾಂ ಬೇಕು ಅನ್ನುವ ಮನಸ್ಸು ಆಳುವವರಿಗೂ ಇರಬೇಕು.

ಮದರಾಸಿನ ಕಥೆಗೆ ಒಂದು ಬಾಲ ಉಳಿದಿದೆ. ಟ್ರಾಂ ನಿಂತು 65 ವರ್ಷದ ಮೇಲೆ, 2018ರಲ್ಲಿ, ಅದೇ ಮೌಂಟ್ ರೋಡಿನ ನೆಲದೊಳಗೆ ಮತ್ತೆ ಕರೆಂಟ್ ಗಾಡಿ ಬಂತು. ಈ ಸಲ ಮೆಟ್ರೊ. ಮಳೆ ನೀರು ಒಳಗೆ ನುಗ್ಗದಂತೆ ಕಾಯುವ ಕೆಲಸವೂ ಜೊತೆಗೇ ಬಂದಿದೆ.