ಮೊದಲು ಗಡಿಯಾರ, ಆಮೇಲೆ ಆಟ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಜಡಿಮಳೆ ಹಿಡಿದರೆ ಕರೆಂಟನ್ನು ನೆಚ್ಚುವ ಹಾಗಿಲ್ಲ. ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್ ಕಲರ್‌ಗೆ ಆ ಚಿಂತೆಯಿಲ್ಲ, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ ಸಾಕು. ಪರದೆಗೆ ಸ್ವಂತ ಬೆಳಕಿಲ್ಲ, ಹಾಗಾಗಿ ಕಿಟಕಿ ಪಕ್ಕ ಕೂರಬೇಕು, ಅಷ್ಟೇ. ಅದರಲ್ಲಿ ಆಡುವ ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಬಗ್ಗೆ ಇವತ್ತಿನ ಮಾತು. 1999ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಎರಡನೇ ಕಂತು ಇದು. ಕಾಡುಜೀವಿಗಳನ್ನು ಹಿಡಿದು, ಪಳಗಿಸಿ, ಬೇರೆಯವರ ಜೀವಿಗಳ ಎದುರು ಕಾದಾಡಿಸುವುದೇ ಆಟ. ಮೊದಲ ಕಂತಿನ 151 ಜೀವಿಗಳು ಇಲ್ಲಿ 251 ಆದವು. ಆದರೆ ದೊಡ್ಡ ಬದಲಾವಣೆ ಎಂದರೆ ಒಳಗೊಂದು ಗಡಿಯಾರ ಬಂದದ್ದು.

ಆ ಗಡಿಯಾರ ಓಡುವುದು ಯಂತ್ರಕ್ಕೆ ತೂರಿಸುವ ಆಟದ ಡಬ್ಬಿ, ಅಂದರೆ ಕಾರ್ಟ್ರಿಜ್ ಒಳಗಿನ ಸಿಆರ್ 2025 ಬಿಲ್ಲೆ ಸೆಲ್ಲಿನಿಂದ. ನೀವು ಸೇವ್ ಮಾಡಿದ ಆಟ ಉಳಿಯುವುದೂ ಅದರಿಂದಲೇ. ಹಳೆಯ ಕಾರ್ಟ್ರಿಜ್ ಕೊಂಡಿದ್ದರೆ ಐದು ನಿಮಿಷ ಆಡಿ, ಸೇವ್ ಮಾಡಿ, ಆರಿಸಿ, ಮರುದಿನ ನೋಡಿ. ಸೇವ್ ಅಳಿಸಿಹೋಗಿದ್ದರೆ ಸೆಲ್ ಸತ್ತಿದೆ. ಅದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಶಿವಮೊಗ್ಗದಲ್ಲಿ ಬೆಸುಗೆ ಕೆಲಸ ಬಲ್ಲ ಮೊಬೈಲ್ ರಿಪೇರಿಯವರಿಗೆ ಕೊಡಿ. ಆಟವೇ ಏಳದಿದ್ದರೆ ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಕಾರ್ಟ್ರಿಜ್ ಅಂಚಿನ ತಾಮ್ರದ ಪಟ್ಟಿಗಳು ಕಿಲುಬುತ್ತವೆ. ಮೊದಲೇ ನಮ್ಮದು ಚಪ್ಪಲಿಗೂ ಬೂಸಲು ಹಿಡಿಯುವ ಊರು. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಅವನ್ನು ಒರೆಸಿ.

ಆಟ ಶುರುವಾಗುತ್ತಲೇ ಗಂಟೆ ಕೇಳುತ್ತದೆ. ನಿಜವಾದ ಸಮಯವನ್ನೇ ಕೊಡಿ, ಆಮೇಲೆ ತಿದ್ದುವುದು ರಗಳೆ. ಆಟದೊಳಗಿನ ಅಮ್ಮ ವಾರ ಕೇಳಿ, ಬೇಸಿಗೆಗೆ ಗಡಿಯಾರ ಮುಂದಿಡುವ ಡೇಲೈಟ್ ಸೇವಿಂಗ್ ಇದೆಯಾ ಎನ್ನುತ್ತಾಳೆ. ನಮ್ಮಲ್ಲಿ ಅದಿಲ್ಲ, ಇಲ್ಲ ಎನ್ನಿ. ಸಂಜೆ 6ರಿಂದ ಬೆಳಗಿನ 4ರವರೆಗೆ ಆಟದಲ್ಲೂ ರಾತ್ರಿ. ಹೂಟ್‌ಹೂಟ್ ಎಂಬ ಗೂಬೆ ಮೊದಲ ದಾರಿಯಲ್ಲೇ ಸಿಗುತ್ತದೆ, ಆದರೆ ಆ ಹೊತ್ತಿನಲ್ಲಿ ಮಾತ್ರ. ಹಗಲಿಡೀ ಹುಲ್ಲು ತಡಕಿದರೂ ಕಾಣದು. ಅದನ್ನು ಹಿಡಿದಿಟ್ಟುಕೊಳ್ಳಿ, ಮುಂದೆ ಎದುರಾಳಿಯನ್ನು ಮಲಗಿಸುವ ಹಿಪ್ನೋಸಿಸ್ ಕಲಿಯುತ್ತದೆ. ಈ ಕಂತಿನಲ್ಲಿ ಒಂದು ಐಬಿದೆ: ಜೀವಿ ನಿದ್ದೆಯಲ್ಲಿದ್ದರೆ, ಇಲ್ಲವೇ ಹೆಪ್ಪುಗಟ್ಟಿದ್ದರೆ ಮಾತ್ರ ಹಿಡಿಯುವುದು ಸಲೀಸು. ವಿಷ, ಪಾರ್ಶ್ವವಾಯು, ಸುಟ್ಟಗಾಯ ಇವುಗಳಿಂದ ಚೂರೂ ಲಾಭವಿಲ್ಲ.

ಮೊದಲ ಜೊತೆಗಾರನಾಗಿ ಚಿಕೊರೀಟಾ ಬೇಡ ಎಂಬುದು ನನ್ನ ಸಲಹೆ. ಅದು ಸೊಪ್ಪಿನ ಜಾತಿ. ಕಾಳಗದ ಅಖಾಡಕ್ಕೆ ಇಲ್ಲಿ ಜಿಮ್ ಎನ್ನುತ್ತಾರೆ, ಅದರ ಒಡೆಯರನ್ನು ಗೆದ್ದರೆ ಬ್ಯಾಡ್ಜ್. ಮೊದಲ ಜಿಮ್‌ನಲ್ಲಿ ಹಕ್ಕಿ, ಎರಡನೆಯದರಲ್ಲಿ ಹುಳು, ಎರಡೂ ಸೊಪ್ಪಿನ ವೈರಿಗಳೇ. ನೀರಿನ ಜಾತಿಯ ಟೊಟೊಡೈಲ್ ಸರಾಗ. ಮೊದಲ ಜಿಮ್ ಒಡೆಯ ಫಾಕ್ನರ್‌ನ ಹಕ್ಕಿಗಳು 7 ಮತ್ತು 9ನೇ ಹಂತದವು. ಆ ಜಿಮ್ ಇರುವ ವಯೊಲೆಟ್ ಊರಿನಲ್ಲೇ ಒಬ್ಬರಿಗೆ ಸೊಪ್ಪಿನ ಜೀವಿ ಬೆಲ್‌ಸ್ಪ್ರೌಟ್ ಕೊಟ್ಟರೆ ಬಂಡೆಹಾವು ಆನಿಕ್ಸ್ ಸಿಗುತ್ತದೆ. ಹಕ್ಕಿ ಅದಕ್ಕೆ ಕೆಸರೆರಚಿ ಗುರಿ ತಪ್ಪಿಸುತ್ತದೆ, ಆದರೆ ಒಂದೇ ಏಟಿಗೆ ಕೆಡವಲಾರದು.

ಹೊಸಬರು ಮುಗ್ಗರಿಸುವುದು ಗೋಲ್ಡನ್‌ರಾಡ್‌ನಲ್ಲಿ, ಅಲ್ಲಿನ ಜಿಮ್ ಒಡತಿ ವಿಟ್ನಿಯ ಹಸು ಮಿಲ್‌ಟ್ಯಾಂಕ್ ಎದುರು. ಅದರ ರೋಲೌಟ್ ಎಂಬ ಬಂಡೆಯೇಟಿನ ಬಲ 30ರಿಂದ ಶುರುವಾಗಿ 60, 120, 240, 480 ಎಂದು ಐದು ಸರದಿ ದುಪ್ಪಟ್ಟಾಗುತ್ತದೆ. ಏಟು ತಪ್ಪಿದರೆ ಮತ್ತೆ ಮೊದಲಿಂದ. ನಡುವೆ ಹಾಲು ಕುಡಿದು ಅರ್ಧ ಗಾಯ ಮಾಯಿಸಿಕೊಳ್ಳುತ್ತದೆ. 34ನೇ ದಾರಿಯಲ್ಲಿ ಡ್ರೌಝಿ ಹಿಡಿದು, ಆ ಊರಿನ ದೊಡ್ಡ ಅಂಗಡಿಯಲ್ಲಿ ಕೊಟ್ಟು ಜಟ್ಟಿ ಮಚಾಪ್ ಪಡೆಯಿರಿ. ಬಂಡೆಯೇಟು ಅದಕ್ಕೆ ಅರ್ಧವೇ ತಾಗುತ್ತದೆ, ಅದರ ಕರಾಟೆ ಏಟು ಹಸುವಿಗೆ ಇಮ್ಮಡಿ. ಕರಾಟೆ ಏಟು ಕಲಿಯುವ 13ನೇ ಹಂತ ದಾಟಿಸಿಯೇ ಇಳಿಸಿ.

ಗೆದ್ದ ಮೇಲೆ ವಿಟ್ನಿ ಅಳುತ್ತಾ ನಿಲ್ಲುತ್ತಾಳೆ, ಬ್ಯಾಡ್ಜ್ ಕೊಡುವುದಿಲ್ಲ. ಆಟ ಕೆಟ್ಟಿತೆಂದು ಆರಿಸಬೇಡಿ. ಬಾಗಿಲ ಕಡೆ ನಡೆಯಿರಿ, ಹುಡುಗಿಯೊಬ್ಬಳು ತಡೆದು ಮಾತಾಡುತ್ತಾಳೆ. ತಿರುಗಿ ಹೋಗಿ ವಿಟ್ನಿಯನ್ನು ಇನ್ನೊಮ್ಮೆ ಮಾತಾಡಿಸಿ.