ವಾಹನ ನಿಲುಗಡೆಯಲ್ಲಿ ಡಿಕ್ಕಿ: ತಪ್ಪು ಯಾರದು?

ಕೇಳುಗರಿಗೆ ನಮಸ್ಕಾರ.

ಮಾಲ್‌ನ ನೆಲಮಾಳಿಗೆ. ಕಾವಲುಗಾರ ‘ಬರಲಿ, ಬರಲಿ’ ಎನ್ನುತ್ತಿದ್ದಾನೆ. ಅವನು ‘ಹೋಲ್ಡಾನ್’ ಎನ್ನುವಷ್ಟರಲ್ಲಿ, ಹಿಂದಕ್ಕೆ ಬರುತ್ತಿದ್ದ ಕಾರು ಹಾದುಹೋಗುತ್ತಿದ್ದ ಇನ್ನೊಂದು ಕಾರಿನ ಬಾಗಿಲಿಗೆ ತಗುಲಿರುತ್ತದೆ. ಕೂಡಲೇ ವಾದ ಶುರು: ‘ಕಾವಲುಗಾರ ಬರಲು ಹೇಳಿದ’, ‘ರಿವರ್ಸ್ ಹಾರ್ನ್ ಕೇಳಿಸಲಿಲ್ಲವೇ?’

ಈ ಎರಡು ಮಾತುಗಳಲ್ಲೂ ಬಲವಿಲ್ಲ. ಹಿಂದಕ್ಕೆ ಚಲಿಸುವ ಮುನ್ನ ಯಾರಿಗೂ ಅಪಾಯವಾಗದೆಂದು ನೋಡಿಕೊಳ್ಳಬೇಕಾದವರು ಚಾಲಕರೇ. ಇನ್ನೊಬ್ಬರ ನೆರವು ಪಡೆಯಬಹುದು. ಆದರೆ ಸ್ಟೀರಿಂಗ್ ಹಿಡಿದವರ ಹೊಣೆ ಅದರಿಂದ ಕಳಚಿಹೋಗುವುದಿಲ್ಲ. ಹಾರ್ನ್ ಎಚ್ಚರಿಕೆಯಷ್ಟೇ, ದಾರಿ ಬಿಡಿ ಎಂಬ ಆಜ್ಞೆಯಲ್ಲ.

ಹಾಗೆಂದು ಹಿಂದಕ್ಕೆ ಬಂದವರದೇ ಪೂರ್ತಿ ತಪ್ಪೆಂದು ನೋಡಿದಾಕ್ಷಣ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಬಾಣದ ಗುರುತಿಗೆ ವಿರುದ್ಧವಾಗಿ, ವೇಗವಾಗಿ, ದೀಪ ಹಾಕದೆ ಬಂದವರಿಗೂ ಹೊಣೆಯಲ್ಲಿ ಪಾಲುಂಟು. ಎದುರುಬದುರು ಸಾಲುಗಳಿಂದ ಎರಡು ಕಾರುಗಳು ಏಕಕಾಲಕ್ಕೆ ಹಿಂದಕ್ಕೆ ಬಂದು ತಗುಲಿದರೆ ಸಾಮಾನ್ಯವಾಗಿ ಇಬ್ಬರೂ ಹೊಣೆ. ಅಪಘಾತ ಪರಿಹಾರ ನ್ಯಾಯಮಂಡಳಿಗಳು ಸಹನಿರ್ಲಕ್ಷ್ಯ, ಅಂದರೆ ಎರಡೂ ಕಡೆಯವರ ಅಜಾಗರೂಕತೆ, ಕಂಡಾಗ ಹೊಣೆಯನ್ನು ಶೇಕಡಾವಾರು ಹಂಚುವುದು ಇದೇ ಕಾರಣಕ್ಕೆ. ನಿಂತ ಕಾರಿಗೆ ಗುದ್ದಿದರೆ ಮಾತ್ರ ಗುದ್ದಿದವರಿಗೆ ವಾದವೇ ಕಷ್ಟ. ಆ ಕಾರು ಗೆರೆ ದಾಟಿ ನಿಂತಿತ್ತೆನ್ನುವುದು ಸಾಲದು, ಅದು ಕಣ್ಣಿಗೆ ಕಾಣುತ್ತಿತ್ತಲ್ಲ! ಇಳಿಜಾರಿನ ತಿರುವಿನಲ್ಲಿ ಕತ್ತಲಲ್ಲಿ ನಿಲ್ಲಿಸಿದ್ದರೆ ಮಾತು ಬೇರೆ.

ಸತ್ಯ ಉಳಿಯುವುದು ಸ್ಥಳದಲ್ಲಿ. ಆದ್ದರಿಂದ ಯಾರಿಗೂ ಪೆಟ್ಟಾಗಿಲ್ಲದಿದ್ದರೆ, ಕಾರುಗಳನ್ನು ಸರಿಸುವ ಮೊದಲು ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಕಾರಿನ ಮೈ ತಗ್ಗಾದ ಜಾಗವಷ್ಟೇ ಅಲ್ಲ, ನೆಲದ ಗೆರೆ, ಬಾಣ, ಕಂಬ, ಚಕ್ರ ತಿರುಗಿದ ದಿಕ್ಕು, ಎಲ್ಲವೂ ಬರಲಿ. ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯಗಳು ದಾಖಲಾಗಿಬಿಡಬಹುದು. ಉಳಿಸಿಕೊಡುವಂತೆ ಅಂದೇ ಲಿಖಿತವಾಗಿ ಕೇಳಿ.

ತಪ್ಪು ಯಾರದೆಂಬುದು ಹಣದ ಪ್ರಶ್ನೆಯೂ ಹೌದು. ಸ್ವಂತ ವಿಮೆಯಿಂದ ರಿಪೇರಿ ಮಾಡಿಸಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಕೈತಪ್ಪುತ್ತದೆ. ಸತತ ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಕಾರಿನ ಹಾನಿಗಾಗಿ ಕಟ್ಟುವ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ ಶೇ. 50ರಷ್ಟು. ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮುನ್ನ ಲೆಕ್ಕ ಹಾಕಿ.

‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಫಲಕ ಕಂಡು ಎದೆಗುಂದಬೇಡಿ. ದೆಹಲಿಯ ಹೋಟೆಲೊಂದರ ಸಿಬ್ಬಂದಿಯ ವಶಕ್ಕೆ ಕೊಟ್ಟ ಕಾರು 1998ರಲ್ಲಿ ಕಳುವಾದ ಪ್ರಕರಣದಲ್ಲಿ, ನಿಲುಗಡೆಯ ಚೀಟಿಯಲ್ಲಿ ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ತನ್ನವರ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ ಪಾರಾಗದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅದು ಕಳವಿನ ಪ್ರಕರಣ ನಿಜ. ಆದರೂ ಕೀಲಿಕೈ ಪಡೆದ ನೌಕರನೇ ಕಾರನ್ನು ಕಂಬಕ್ಕೆ ಗುದ್ದಿದಾಗ, ಆ ತೀರ್ಪಿನ ತರ್ಕವನ್ನು ಮುಂದಿಟ್ಟು ಧೈರ್ಯವಾಗಿ ಕೇಳಬಹುದು.

ನನ್ನನ್ನು ಹೆಚ್ಚು ಕಾಡುವುದು ಅಪಾರ್ಟ್‌ಮೆಂಟುಗಳ ನಿಲುಗಡೆ. ಅಲ್ಲಿ ಮಕ್ಕಳು ಸೈಕಲ್ ತುಳಿಯುತ್ತಾರೆ, ಕಾರುಗಳ ನಡುವೆ ಚೆಂಡು ಹುಡುಕುತ್ತಾರೆ. ಪುಟ್ಟ ಮಗು ಹಿಂಬದಿಯ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಇಳಿದು ಒಮ್ಮೆ ಸುತ್ತು ಹಾಕಿ ನೋಡಲೇಬೇಕು. ಯಾರಿಗಾದರೂ ಪೆಟ್ಟಾದರೆ ರಾಜಿಯ ಮಾತು ಎತ್ತಬೇಡಿ. ಮೊದಲು ಆಸ್ಪತ್ರೆ, ಆಮೇಲೆ ತಡಮಾಡದೆ ಪೊಲೀಸ್ ಠಾಣೆ. ಠಾಣೆಗೆ ತಿಳಿಸಲು 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಕೊಡುವ ಗರಿಷ್ಠ ಅವಧಿ 24 ಗಂಟೆ. ವಿಮಾ ಸಂಸ್ಥೆಗೂ ಲಿಖಿತವಾಗಿ ತಿಳಿಸಬೇಕು.

ನಮಸ್ಕಾರ.